ಅರಗು ಮೆತ್ತಿ ಮಾರಿದ ಸೈಕಲ್ಲು

ದೇವೀರಕ್ಕ, ನೀವು ಕಟ್ಟಿದ ಗಂಟು ಸಡಿಲವಾಗಿರಲಿಲ್ಲ. ನಿಮ್ಮ ಯಜಮಾನರು ಸಿದ್ದಣ್ಣ ಕೆಂಗಲ್ ದಾಟಿದ ಮೇಲಿನ ಇಳಿಜಾರಿನಲ್ಲಿ ಬಿದ್ದದ್ದು ರೇಷ್ಮೆಗೂಡಿನ ಮೂಟೆ ವಾಲಿದ್ದರಿಂದಲ್ಲ. ನಾನು ಅವರಿಗೆ ಮಾರಿದ ಸೈಕಲ್ಲಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕು ಮೊದಲೇ ಬಿರುಕು ಬಿಟ್ಟಿತ್ತು. ಅದು ನನಗೆ ಗೊತ್ತಿತ್ತು — ಗೊತ್ತಿದ್ದೇ ಮಾರಿದೆ.

ಇಷ್ಟು ಬರೆಯಲು ಮುದುಕನಾಗುವವರೆಗೆ ಕಾದೆ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಬಿ.ಎಸ್ಸಿ. ಪಾಸಾದಾಗ ಅಪ್ಪ ಊರಿಗೆಲ್ಲ ಕಡಲೆಪುರಿ ಹಂಚಿದ. ಅದು ಯಾರೂ ಧರ್ಮಕ್ಕೆ ಕೊಟ್ಟ ಪದವಿಯಲ್ಲ. ರಜೆಯೆಲ್ಲ ಚನ್ನಪಟ್ಟಣದ ಬೊಂಬೆ ಪಟ್ಟಡೆಯಲ್ಲಿ ಮರ ಕಡೆದು, ಅರಗು ಬಳಿದು, ಬೆರಳು ಸುಟ್ಟುಕೊಂಡು ಓದಿದ್ದು. ಆ ಹೆಮ್ಮೆ ಇಂದಿಗೂ ಇದೆ. ಅದೇ ಹೆಮ್ಮೆಯಲ್ಲಿ ಕನಕಪುರದ ಒಬ್ಬ ಮುದುಕರ ಹತ್ತಿರ ಆ ಹಳೆಯ ಇಂಗ್ಲೆಂಡ್ ಸೈಕಲ್ಲನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡೆ. ನನ್ನ ಎದೆಮಟ್ಟಕ್ಕೆ ಬರುವ ಸೀಟು, ಕಪ್ಪು ಬಣ್ಣ, ಕಬ್ಬಿಣದ ಕಡ್ಡಿಯ ಬ್ರೇಕು. ಕುಳ್ಳನಾದ ನಾನು ಅದನ್ನು ಹತ್ತಬೇಕಾದರೆ ಮೈಲಿಗಲ್ಲು ಹುಡುಕಬೇಕಿತ್ತು. ಆದರೂ ಗ್ರ್ಯಾಜುಯೇಟ್ ಆದವನು ಅಂಥದ್ದರ ಮೇಲೆ ಬಂದರೆ — ಜನ ತಿರುಗಿ ನೋಡುತ್ತಿದ್ದರು.

ಒಂದು ಸಂಜೆ ಹತೋಟಿ ತಪ್ಪಿ ಮೋರಿಗೆ ನುಗ್ಗಿದೆ. ಮರುದಿನ ಒರೆಸುವಾಗ ಫೋರ್ಕಿನ ಬಲಗಾಲಿನ ಮೇಲ್ತುದಿಯಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಉಗುರು ಆಡಿಸಿದೆ, ಸಿಕ್ಕಿಕೊಂಡಿತು. ಅಷ್ಟು ದೊಡ್ಡ ಸೈಕಲ್ಲಿನ ಫೋರ್ಕು ನಮ್ಮ ಕಡೆ ಎಲ್ಲೂ ಸಿಗುತ್ತಿರಲಿಲ್ಲ. ಅಂದಿನಿಂದ ನಾನು ಅದನ್ನು ಹತ್ತಲಿಲ್ಲ. ನನ್ನ ಪ್ರಾಣದ ಮೇಲೆ ನನಗೆ ಅಷ್ಟು ಎಚ್ಚರವಿತ್ತು, ನೋಡಿ.

ಆಮೇಲೆ ಮಾಡಿದ ಕೆಲಸ ಚನ್ನಪಟ್ಟಣದಲ್ಲಿ ಬೊಂಬೆ ಕಡೆದವನಿಗೆ ಮಾತ್ರ ಹೊಳೆಯುವಂಥದ್ದು. ಕಬ್ಬಿಣವನ್ನು ಸೀಮೆಎಣ್ಣೆ ಸ್ಟವ್ವಿನ ಮೇಲೆ ಬಿಸಿ ಮಾಡಿ, ಕರಿ ಅರಗಿನ ಕಡ್ಡಿ ಒತ್ತಿ ಬಿರುಕಿಗೆ ಕುಡಿಸಿ, ತಾಳೆಗರಿಯಿಂದ ಉಜ್ಜಿದೆ. ಬೊಂಬೆಯ ಮೈ ಹೇಗೆ ಹೊಳೆಯುತ್ತದೆಯೋ ಹಾಗೆ ಹೊಳೆಯಿತು. ಗೆರೆ ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ. ಕೆಲಸ ಚೆನ್ನಾಗಿ ಬಂತೆಂದು ಖುಷಿಪಟ್ಟೆ — ಇದನ್ನೂ ಹೇಳಲೇಬೇಕು.

ವಿರೂಪಾಕ್ಷಿಪುರದಿಂದ ಸಿದ್ದಣ್ಣ ಬಂದರು. ಆರಡಿ ಆಳು. ರಾಮನಗರದ ಮಾರುಕಟ್ಟೆಗೆ ಗೂಡು ಹೊರಲು ಅವರಿಗೆ ದೊಡ್ಡ ಸೈಕಲ್ಲೇ ಬೇಕಿತ್ತು.

"ಏನ್ಲಾ ಇದು, ಆನೆ ಕಟ್ದಂಗೆ ಕಟ್ಟಿದ್ದೀಯ. ನೀನು ಹತ್ತೋಕೆ ಏಣಿ ಮಡಿಕ್ಕಂಡಿದ್ದಾ?" ಎಂದು ನಕ್ಕರು. ಬೆಲ್ಲು ಬಾರಿಸಿದರು, ಚಕ್ರ ತಿರುಗಿಸಿದರು. ಆಮೇಲೆ ಫೋರ್ಕಿನ ಮೇಲೆ ಅಂಗೈ ಆಡಿಸಿದರು. ಸರಿಯಾಗಿ ಅಲ್ಲೇ.

"ಎಲ್ಲಾದ್ರೂ ಏಟು ಗೀಟು ಬಿದ್ದಿತ್ತೇನಪ್ಪ?"

"ಇಲ್ಲ ಕಣಣ್ಣ."

"ಬುಡು, ಡಿಗ್ರಿ ಓದಿರೋನು ಸುಳ್ಳು ಹೇಳಾನಾ."

ಅವರು ಕಾಲು ಬೀಸಿ ಹತ್ತಿ ಹೊರಟೇಬಿಟ್ಟರು. ಹಿಂದೆಯೇ ಓಡಬಹುದಿತ್ತು — ಕೂಗಬಹುದಿತ್ತು.

ಅಂದಿನಿಂದ ಗೂಡಿನ ಬೆಳೆ ಇಳಿಯುವ ಹೊತ್ತಿಗೆಲ್ಲ ನನಗೆ ಊಟ ಸೇರುತ್ತಿರಲಿಲ್ಲ. ಒಮ್ಮೆ ಮೈಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವರೇ ಎದುರಾದರು. ಹಿಂದೆ ಗುಡ್ಡದಂಥ ಮೂಟೆ. ಹ್ಯಾಂಡಲ್ ಬಿಟ್ಟು ಎರಡೂ ಕೈ ಎತ್ತಿ ನನಗೆ ನಮಸ್ಕಾರ ಮಾಡಿದರು. ತಮಾಷೆಗೆ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರು ತಿರುವು ದಾಟಿದ್ದರು, ಏನೂ ಆಗಿರಲಿಲ್ಲ. ಇನ್ನು ಆಗುವುದೂ ಇಲ್ಲ ಎಂದುಕೊಂಡೆ.

ಮುಂದಿನ ಬೆಳೆಗೆ ಆಯಿತು.

ಸುದ್ದಿ ಕೇಳಿ ನಿಮ್ಮ ಮನೆಗೆ ಬಂದೆ. ಸಿದ್ದಣ್ಣ ಜಗಲಿಯ ಮೇಲೆ ಮಲಗಿದ್ದರು, ಬಲಗೈಗೆ ಬಿದಿರು ದಬ್ಬೆ ಕಟ್ಟಿತ್ತು. ಅಂಗಳದಲ್ಲಿ ಸೈಕಲ್ಲು. ಫೋರ್ಕು ಎರಡು ತುಂಡು. ಮುರಿದ ಬಾಯಲ್ಲಿ ಹೊರ ಅಂಚಿಗೆ ನನ್ನ ಕರಿ ಅರಗು ಇನ್ನೂ ಹೊಳೆಯುತ್ತಿತ್ತು. ಬಿದ್ದದ್ದಕ್ಕೆ ಫೋರ್ಕು ಮುರಿಯಿತು ಎಂದುಕೊಂಡಿದ್ದರು ಎಲ್ಲರೂ. ಮುರಿದದ್ದಕ್ಕೇ ಬಿದ್ದರೆಂದು ಗೊತ್ತಿದ್ದವನು ನಾನೊಬ್ಬನೇ.

ಅಷ್ಟರಲ್ಲಿ ನಿಮ್ಮತ್ತೆ ತೀರ್ಪು ಕೊಟ್ಟಾಗಿತ್ತು. "ಇವಳು ಮೂಟೆ ಸಡ್ಲ ಬುಟ್ಟವ್ಳೆ. ಗೂಡು ನಲುಗ್ತದೆ ಅಂತ. ಗೂಡಿನ್ ಮ್ಯಾಗಿರೋ ಮಮತೆ ಗಂಡನ್ ಮ್ಯಾಗೆ ಇಲ್ದೋಯ್ತು."

ಗೂಡಿನ ಮೂಟೆಯನ್ನು ಬಿಗಿದು ಕಟ್ಟಿದರೆ ಗೂಡು ಅಪ್ಪಚ್ಚಿಯಾಗುತ್ತದೆ, ಹರಾಜಿನಲ್ಲಿ ಯಾರೂ ಮುಟ್ಟುವುದಿಲ್ಲ. ನಮ್ಮ ಸೀಮೆಯ ಹೆಂಗಸರೆಲ್ಲ ಉಸಿರಾಡುವಷ್ಟು ಸಡಿಲ ಬಿಟ್ಟು, ಬುಡಕ್ಕೆ ಮಾತ್ರ ಬಿಗಿ ಕೊಟ್ಟು ಕಟ್ಟುತ್ತಾರೆ. ನೀವು ಕಟ್ಟಿದ್ದೂ ಹಾಗೆಯೇ. ನೀವು ಅಳಲಿಲ್ಲ. ನನ್ನ ಕಡೆಗೆ ತಿರುಗಿ ಕೇಳಿದಿರಿ:

"ನೀನು ಓದ್ದೋನು, ನೀನೇ ಹೇಳಪ್ಪ. ನಾನು ಕಟ್ಟಿದ್ದಕ್ಕೆ ಸೈಕಲ್ಲು ಬೀಳ್ತದಾ?"

ಅಂಗಳವೆಲ್ಲ ನನ್ನ ಬಾಯಿ ನೋಡಿತು. ಮುರಿದ ಫೋರ್ಕು ನನ್ನ ಕಾಲ ಬಳಿಯೇ ಇತ್ತು. ಬಗ್ಗಿ ಎತ್ತಿ ತೋರಿಸಿದ್ದರೆ ಸಾಕಿತ್ತು. ನಾನು ಹೇಳಿದ್ದು —

"ಬೀಳಬಹುದಕ್ಕ. ಭಾರ ಒಂದು ಕಡೆಗೆ ವಾಲಿದರೆ..."

ಬಿ.ಎಸ್ಸಿ. ಓದಿದವನ ಮಾತು. ನೀವು ತಲೆ ತಗ್ಗಿಸಿ ಒಳಗೆ ಹೋದಿರಿ.

ಅಷ್ಟಕ್ಕೇ ನಿಲ್ಲಲಿಲ್ಲ. ಸೈಕಲ್ಲನ್ನು ವಾಪಸು ತೆಗೆದುಕೊಳ್ಳುತ್ತೇನೆ, ದುಡ್ಡು ಹಿಂದಿರುಗಿಸುತ್ತೇನೆ ಎಂದೆ. ಸಿದ್ದಣ್ಣ ಎಡಗೈಯಲ್ಲಿ ನನ್ನ ಕೈ ಹಿಡಿದು, "ಓದಿದ್ರೆ ಹಿಂಗೆ ಓದ್ಬೇಕು" ಎಂದರು. ಸಾಕ್ಷಿ ಹೊತ್ತುಕೊಂಡು ಹೋಗಲು ಬಂದವನನ್ನು ನಿಮ್ಮೂರು ಧರ್ಮಾತ್ಮ ಎಂದಿತು. ಅವರ ಬಲಗೈ ಮತ್ತೆ ನೆಟ್ಟಗಾಗಲಿಲ್ಲ. ಸಿದ್ದಣ್ಣ ತೀರಿಕೊಂಡಾಗಲೂ ಬಂದಿದ್ದೆ, ಹೂವು ಹಾಕಿ ಬಂದೆ. ಆಗಲೂ ಬಾಯಿ ಬಿಡಲಿಲ್ಲ.

ಹೋದ ತಿಂಗಳು ಕೆಂಗಲ್ ಆಂಜನೇಯನ ಗುಡಿಯ ಹತ್ತಿರ ನಿಮ್ಮ ಮನೆಯ ನಾಮಕರಣಕ್ಕೆ ಕರೆದಿದ್ದಿರಿ. ಊಟ ಮುಗಿದ ಮೇಲೆ ಸ್ಕೂಟರಿಗೆ ತೆಂಗಿನಕಾಯಿ ಚೀಲ ಕಟ್ಟಲು ನೀವು ಹಗ್ಗ ಎತ್ತಿಕೊಂಡಿರಿ. ನಿಮ್ಮ ಮೊಮ್ಮಗ, "ಅಜ್ಜೀ, ನೀನ್ ಬ್ಯಾಡ ಬುಡವ್ವ, ನಿನ್ ಗಂಟು ಗೊತ್ತಲ್ವಾ, ತಾತನ್ನೇ ಕೆಡವ್ತು" ಎಂದ. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಕ್ಕು, ಹಗ್ಗವನ್ನು ಅವನ ಕೈಗೆ ಕೊಟ್ಟು, ಸೀರೆಗೆ ಕೈ ಒರೆಸಿಕೊಂಡಿರಿ — ಅಕ್ಕ, ನೀವೂ ನಂಬಿಬಿಟ್ಟಿದ್ದೀರಿ.

ಬಡತನವಿತ್ತು, ವಯಸ್ಸು ಚಿಕ್ಕದು — ಇಲ್ಲ, ಅದನ್ನೆಲ್ಲ ಬರೆಯುವುದಿಲ್ಲ. ನಿಮಗೆ ಓದಲು ಬರುವುದಿಲ್ಲ. ಆದ್ದರಿಂದ ಬರೆದು ಕಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಇಲ್ಲಿ ಬರೆದದ್ದು ನಾನು ಹಿಂದೆ ಸರಿಯದಿರಲಿ ಎಂದು, ಅಷ್ಟೇ.

ಆ ಫೋರ್ಕನ್ನು ಗುಜರಿಗೆ ಹಾಕುವ ಧೈರ್ಯವೂ ನನಗೆ ಬಂದಿರಲಿಲ್ಲ. ಅಟ್ಟದಿಂದ ಇಳಿಸಿದ್ದೇನೆ. ಅರಗು ಇನ್ನೂ ಹಾಗೇ ಇದೆ. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ನಿಮ್ಮ ಮಗ, ಸೊಸೆ, ಆ ಮೊಮ್ಮಗ, ಬೀದಿಯವರು ಎಲ್ಲರೂ ಇರಲಿ. ಅದನ್ನು ಅದೇ ಅಂಗಳದಲ್ಲಿ ಇಟ್ಟು, ಅಂದು ನೀವು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ.

ಬೀಳಲ್ಲ ಅಕ್ಕ. ನೀವು ಕಟ್ಟಿದ್ದಕ್ಕೆ ಬೀಳಲ್ಲ.