ಕ್ರಿಯಾಪದವಿಲ್ಲದ ಗಂಡ

ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಕಾದಂಬರಿಕಾರ ಚಕ್ರಪಾಣಿಯವರ ಮನೆ ಎಲ್ಲಿ ಎಂದರೆ ಆಟೋದವರೂ ತೋರಿಸುತ್ತಾರೆ. ಆ ಮನೆಯನ್ನು ಇಷ್ಟು ವರ್ಷ ನಡೆಸಿದ್ದು ಟೆಲಿಫೋನ್ ಇಲಾಖೆಯಲ್ಲಿ ದುಡಿದು ನಿವೃತ್ತಳಾದ ಅವರ ಹೆಂಡತಿ ವಾರಿಜಾ. ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಆದರೆ ಕಾದಂಬರಿ ಓದುವವರಿಗೆಲ್ಲ ಆಕೆ ಬೇರೊಂದು ಬಗೆಯಲ್ಲಿ ಪರಿಚಿತಳು.

ಚಕ್ರಪಾಣಿಯವರ ಪ್ರತಿ ಕಾದಂಬರಿಯಲ್ಲೂ ಒಬ್ಬ ಹೆಂಡತಿ ಇರುತ್ತಾಳೆ. ಸಂಶಯದವಳು, ಜಿಪುಣಿ, ಗಂಡನ ಆಳ ಅರಿಯದವಳು. ಮೊದಲ ಪುಸ್ತಕದಲ್ಲಿ ಅವಳು ಜಲಜಾ, ಆಮೇಲೆ ನೀರಜಾ, ಅದಾದ ಮೇಲೆ ಸರೋಜಾ. ಎಲ್ಲ ಹೆಸರಿಗೂ ಅರ್ಥ ಒಂದೇ, ತಾವರೆ. ವಾರಿಜಾ ಎಂದರೂ ಅದೇ. ಮನೆಗೆ ಬಂದ ಸಾಹಿತಿ ಮಿತ್ರರು ಉಪ್ಪಿಟ್ಟಿನ ತಟ್ಟೆ ಹಿಡಿದು, "ನೀರಜಾ ಅವ್ರೇ, ಇನ್ನೊಂಚೂರು ಚಟ್ನಿ" ಎಂದು ನಗುತ್ತಿದ್ದರು. ವಾರಿಜಾಳೂ ನಕ್ಕು ಬಡಿಸುತ್ತಿದ್ದಳು.

ಹೆಸರಿಗಿಂತ ಹೆಚ್ಚು ಚುಚ್ಚಿದ್ದು ಮಾತಿನ ಧಾಟಿ. ವಾರಿಜಾಳ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ಏಕೆಂದರೆ ಗಂಡ ನಡುವೆ ಬಾಯಿ ಹಾಕುತ್ತಿದ್ದರು. ಪುಸ್ತಕದಲ್ಲಿ ಬಾಯಿ ಹಾಕಿದ್ದು ಇರುತ್ತಿರಲಿಲ್ಲ, ನಿಂತ ಮಾತು ಮಾತ್ರ ಇರುತ್ತಿತ್ತು. "ಅದು ಹಾಗಲ್ಲ, ನಾನು..." ಎಂದು ನೀರಜಾ ಶುರುಮಾಡಿದರೆ ಮುಂದೆ ಬರೀ ಚುಕ್ಕಿಗಳು. ಆ ಚುಕ್ಕಿಗಳು ಅವಳ ಒಳಜಗತ್ತಿನ ಬರಡುತನವನ್ನು ಧ್ವನಿಸುತ್ತವೆ ಎಂದು ವಿಮರ್ಶಕರೊಬ್ಬರು ಹೊಗಳಿ ಬರೆದರು. ವಾರಿಜಾ ಅದನ್ನು ಮೆಂತ್ಯ ಸೊಪ್ಪು ಬಿಡಿಸುತ್ತಾ ಓದಿದಳು. ಓದಿ, ಅದೇ ಪೇಪರಿನಲ್ಲಿ ಕಡ್ಡಿ ಸುತ್ತಿ ಎಸೆದಳು.

ಇಷ್ಟನ್ನೂ ಆಕೆ ನುಂಗಿಕೊಂಡಿದ್ದಳು. ನುಂಗಲಾಗದೇ ಹೋದದ್ದು ಅಂಬುಜಾಳನ್ನು.

ಕಳೆದ ವರ್ಷ ಬಂದ ಕಾದಂಬರಿಯ ಹೆಂಡತಿ ಈ ಅಂಬುಜಾ. ಅಪ್ಪ ಸಾಯುತ್ತಿದ್ದಾನೆಂದು ಫೋನ್ ಬಂದರೂ ಅವಳು ಟಿವಿ ಧಾರಾವಾಹಿ ಮುಗಿಯಲಿ ಎಂದು ಕೂತಿರುತ್ತಾಳೆ. ಪುಸ್ತಕ ಓದಿದ ವಾರಿಜಾಳ ತಮ್ಮ ಶಶಿಧರ್, ಬನಶಂಕರಿ ಪಕ್ಕದ ಶ್ರೀನಗರದ ತವರುಮನೆಯಿಂದ ಫೋನ್ ಮಾಡಿದ.

"ಅಕ್ಕ, ಅಪ್ಪ ಹೋದ ದಿನ ಆಟೋ ಸಿಗ್ಲಿಲ್ಲ ಅಂದಿದ್ದೆ. ಸೀರಿಯಲ್ ನೋಡ್ತಾ ಕೂತಿದ್ಯಾ?"

ನಡೆದದ್ದೇ ಬೇರೆ. ಅಂದು ಚಕ್ರಪಾಣಿಯವರಿಗೆ ಪ್ರಶಸ್ತಿ ಬಂದ ಸಂತೋಷಕ್ಕೆ ಮನೆತುಂಬ ಜನ. ಶ್ರೀನಗರದಿಂದ ಫೋನ್ ಬಂದಾಗ, "ಬಂದೋರೆಲ್ಲ ಊಟ ಮಾಡ್ಲಿ, ಆಮೇಲೆ ಹೋಗುವಿಯಂತೆ" ಎಂದಿದ್ದರು ಅವರು. ಎಲೆ ತೆಗೆದು ಓಡಿ ಹೋಗುವಷ್ಟರಲ್ಲಿ ಅಪ್ಪನ ಮುಖಕ್ಕೆ ಬಟ್ಟೆ ಹೊದಿಸಿಯಾಗಿತ್ತು. ಗಂಡನ ಮಾನ ಹೋಗಬಾರದೆಂದು ವಾರಿಜಾ ಆಟೋದ ಸುಳ್ಳು ಹೇಳಿದ್ದಳು. ಈಗ ನಿಜ ಹೇಳಿದರೆ ತಮ್ಮನಿಗೆ ಅದು ಇನ್ನೊಂದು ನೆಪದಂತೆ ಕೇಳಿಸುತ್ತಿತ್ತು. ಅವನು ಫೋನ್ ಮಾಡುವುದನ್ನೇ ಬಿಟ್ಟ.

ಹೀಗೇಕೆ ಬರೆದಿರೆಂದು ಆಕೆ ಗಂಡನನ್ನು ಕೇಳಿದಳು. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಅಂಬುಜಾ ಅಂದ್ರೆ ನೀನೇ ಅಂತ ಯಾರು ಹೇಳಿದ್ರು? ಅದು ಕಾದಂಬರಿ ವಾರಿಜಾ" ಎಂದರು.

ಮರುವಾರದಿಂದ ವಾರಿಜಾ ಮಧ್ಯಾಹ್ನದ ಹೊತ್ತು ಗ್ರಂಥಾಲಯಕ್ಕೆ ಹೋಗತೊಡಗಿದಳು. ಹೊತ್ತು ಕಳೆಯಲು ಹೋಗುತ್ತಾಳೆಂದು ಚಕ್ರಪಾಣಿ ತಿಳಿದರು. ಆಕೆ ಅಲ್ಲಿ ಕೂತು ಕಾದಂಬರಿ ಬರೆಯುತ್ತಿದ್ದಳು. ಮೊದಲು ಬೇಕಾದದ್ದು ಗಂಡನ ಪಾತ್ರಕ್ಕೊಂದು ಹೆಸರು. ಚಕ್ರಧರ ಎಂದು ಬರೆದು ಹೊಡೆದುಹಾಕಿದಳು. ಗದಾಧರ ಎಂದರೆ ತೂಕ ಹೆಚ್ಚಾಯಿತು. ಕೊನೆಗೆ ಶಂಖಪಾಣಿ ಎಂದಿಟ್ಟಳು. ಕೈಯಲ್ಲಿ ಆಯುಧವಿಲ್ಲ, ಊದುವುದೊಂದೇ ಕೆಲಸ.

ಆಮೇಲೆ ಅವನ ಮಾತು. ಚಕ್ರಪಾಣಿಯವರ ವಾಕ್ಯಗಳು ಉದ್ದವೆಂದೇ ಹೆಸರುವಾಸಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಲ್ಲಿಯವರೆಗೆ ಕೇಳುವವನು ಕಾಯಲೇಬೇಕು, ಅವರು ಕಾಯಿಸುತ್ತಿದ್ದರು. ವಾರಿಜಾ ಶಂಖಪಾಣಿಗೆ ಅದೇ ಉದ್ದದ ಮಾತು ಕೊಟ್ಟಳು, ಕ್ರಿಯಾಪದ ಮಾತ್ರ ಕೊಡಲಿಲ್ಲ. "ಬದುಕೆಂಬುದನ್ನು ಅದರ ಬೇರಿನಿಂದಲೇ ನೋಡುತ್ತಾ, ಹಾಗೆ ನೋಡುವುದರಲ್ಲೇ ನೋಡುವವನೂ ಕರಗುತ್ತಾ, ಕರಗಿದ ಮೇಲೂ ಉಳಿಯುವ ಆ ಒಂದು..." ಎನ್ನುವಷ್ಟರಲ್ಲಿ ಹೆಂಡತಿ ನಡುವೆ, "ಕಾಫಿ ಆರೋಯ್ತು" ಎನ್ನುತ್ತಾಳೆ. ಇಡೀ ಪುಸ್ತಕದಲ್ಲಿ ಅವನು ಒಂದು ವಾಕ್ಯವನ್ನೂ ಮುಗಿಸುವುದಿಲ್ಲ. ಹೆಂಡತಿ ಮುಗಿಸದೆ ಬಿಟ್ಟ ವಾಕ್ಯ ಒಂದೂ ಇಲ್ಲ.

ಚಕ್ರಪಾಣಿಯವರ ಪುಸ್ತಕಗಳನ್ನು ತರುವ ಪ್ರಕಾಶಕ ದಿನೇಶನಿಗೇ ಅದನ್ನು ಕೊಟ್ಟಳು. ಅವನು ಓದಿ, "ಮೇಡಂ, ಸಾರ್‌ಗೆ ಗೊತ್ತಾ ಇದು?" ಎಂದ.

"ಕೊಂಡ್ಕೊಂಡು ಓದ್ಲಿ" ಎಂದಳು ವಾರಿಜಾ.

ಚಕ್ರಪಾಣಿ ಓದಲಿಲ್ಲ. ಹೆಂಡತಿಯ ಪುಸ್ತಕವನ್ನು ಮುಗುಳ್ನಕ್ಕು ಕಪಾಟಿನಲ್ಲಿಟ್ಟರು. ಬೇರೆಯವರು ಓದಿದರು. ಚಟ್ನಿ ಕೇಳುತ್ತಿದ್ದ ಮಿತ್ರರು ಎಲ್ಲರಿಗಿಂತ ಮೊದಲು ಓದಿದರು.

ಬನಶಂಕರಿಯ ಒಂದು ಸಭಾಂಗಣದಲ್ಲಿ ಚಕ್ರಪಾಣಿಯವರಿಗೆ ಸನ್ಮಾನವಿತ್ತು. ವಾರಿಜಾ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಶಾಲು ಹೊದೆದ ಅವರು ಮೈಕಿನ ಮುಂದೆ ನಿಂತು ಶುರುಮಾಡಿದರು: "ಬರೆಯುವವನ ಏಕಾಂತವನ್ನು ಕುರಿತು ಯೋಚಿಸುತ್ತಾ, ಆ ಏಕಾಂತದೊಳಗೇ ಲೋಕವನ್ನು ಹುಡುಕುತ್ತಾ..."

ಹಿಂದಿನಿಂದ ಯಾರೋ ಮೆಲ್ಲಗೆ ಅಂದರು, "ಕಾಫಿ ಆರೋಯ್ತು ಸಾರ್."

ಅಲ್ಲೊಬ್ಬರು ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಏನಾಗುತ್ತಿದೆ ಎಂದು ತಿಳಿಯದೆ ಚಕ್ರಪಾಣಿ ಮತ್ತೆ ಆರಂಭಿಸಿದರು. ಈ ಸಲ ಜನ ಕ್ರಿಯಾಪದಕ್ಕೇ ಕಾದು ಕೂತರು. ಅದು ಬರಲಿಲ್ಲ. ವೇದಿಕೆಯ ಮೇಲಿದ್ದ ಅಧ್ಯಕ್ಷರೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಚಕ್ರಪಾಣಿ ಶಾಲು ಸರಿಮಾಡಿಕೊಂಡು ಕುರ್ಚಿಗೆ ಮರಳಿದರು. ಬರುವಾಗ ವಾರಿಜಾಳ ಕಡೆ ನೋಡಿದರು. ಆಕೆ ಕಣ್ಣು ತಪ್ಪಿಸಲಿಲ್ಲ.

ಮನೆಗೆ ಬಂದವರೇ ಕಪಾಟಿನಿಂದ ಪುಸ್ತಕ ತೆಗೆದು, ನಿಂತಲ್ಲೇ ನಿಂತು ಓದಿದರು.

"ಊರ ಮುಂದೆ ನನ್ನ ನಗೆಪಾಟಲು ಮಾಡ್ಬಿಟ್ಟೆ ನೀನು."

"ಶಂಖಪಾಣಿ ಅಂದ್ರೆ ನೀವೇ ಅಂತ ಯಾರು ಹೇಳಿದ್ರು? ಅದು ಕಾದಂಬರಿ ಅಲ್ವೇನ್ರೀ."

ಅಂದಿನಿಂದ ಅವರ ಬರವಣಿಗೆ ಕೆಟ್ಟಿತು. ಒಂದು ವಾಕ್ಯ ಸ್ವಲ್ಪ ಉದ್ದವಾದರೆ ಕೈ ತಡೆಯುತ್ತಿತ್ತು. ತುಂಡು ಮಾಡಿದರೆ ತಮ್ಮದೆನಿಸುತ್ತಿರಲಿಲ್ಲ. ತಿಂಗಳುಗಟ್ಟಲೆ ಹೀಗಾದ ಮೇಲೆ ಒಂದು ಬೆಳಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಏನ್ ಮಾಡಿದ್ರೆ ನಿನ್ನ ಸಿಟ್ಟು ಇಳಿಯುತ್ತೆ, ವಾರಿಜಾ?"

ಆಕೆ ಒಲೆ ಆರಿಸಿ ಶಶಿಧರನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ಅವರ ಮುಂದೆ ಹಿಡಿದಳು.

"ಒಂದೇ ವಾಕ್ಯ. ಪೂರ್ತಿ ಹೇಳಿ."

ಚಕ್ರಪಾಣಿ ಫೋನಿನತ್ತ ಬಾಗಿದರು. "ಶಶಿಧರ, ನಿಮ್ಮಪ್ಪ ಹೋದ ದಿನ ನಿಮ್ಮಕ್ಕನ್ನ ಕಳಿಸದೇ ಇದ್ದೋನು... ನಾನು ಕಣಯ್ಯ. ನಾನೇ ತಡೆದೆ."

ಅತ್ತಲಿಂದ ಶಶಿಧರ್, "ಅಕ್ಕ, ಭಾವ ಅಳ್ತಿದಾರಾ?" ಎಂದ.

ವಾರಿಜಾ ನೋಡಿದಳು. ಅಳುತ್ತಿದ್ದರು. ಈ ಮಾತು ಕೇಳಿದರೆ ಎದೆಯ ಬೆಂಕಿ ತಣ್ಣಗಾದೀತೆಂದು ಇಷ್ಟು ದಿನ ನಂಬಿದ್ದಳು. ಆಗಲಿಲ್ಲ.

"ಅಳ್ಲಿ ಬಿಡು" ಎಂದು ಫೋನನ್ನು ಕಿವಿಗಿಟ್ಟುಕೊಂಡು, ತಮ್ಮನೊಡನೆ ಮಾತಾಡಲು ವರಾಂಡಕ್ಕೆ ನಡೆದಳು.