ಬೆನ್ನ ಮೇಲಿನ ಗೀಟು

ಹೋದ ವಾರ ಹಾಸನದಲ್ಲಿ ಮಗಳಿಗೆ ಚೂಡಿದಾರ ಹೊಲಿಸಲು ಹೋಗಿದ್ದೆ. ಅಂಗಡಿಯ ಹುಡುಗಿ ಬಟ್ಟೆ ಹರವಿ, ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣದಿಂದ ಸರ್ರನೆ ಒಂದು ಗೀಟು ಎಳೆದಳು. ಆ ಒಣ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಯಾರೋ ಗದರಿದ ಹಾಗೆ ಬೆನ್ನು ನೆಟ್ಟಗೆ ಮಾಡಿ ನಿಂತೆ. ಮಗಳು ನಕ್ಕಳು. ನನಗೆ ನಮ್ಮ ಹೊಲಿಗೆ ಮೇಡಂ ನೆನಪಾಗಿದ್ದರು...

ತೊಂಬತ್ತರ ದಶಕ. ಹೊಳೆನರಸೀಪುರದಲ್ಲಿ ನಾನು ಒಂಬತ್ತನೇ ಕ್ಲಾಸು. ಖೋಖೋದಲ್ಲಿ ನನ್ನನ್ನು ಮುಟ್ಟುವುದು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ನಾನು ಮೈನೆರೆದದ್ದೇ ನೆಪ, ಅವ್ವ ಹೊಸ ಪಾಠ ಶುರು ಮಾಡಿದ್ದಳು. "ಎದೆ ಸೆಟೆಸ್ಕೊಂಡು ನಡೀಬ್ಯಾಡ ಕಣೇ, ಬಗ್ಗು" ಅಂತ ಬೆನ್ನಿಗೊಂದು ಗುದ್ದು. ಬಗ್ಗಿ ಬಗ್ಗಿ ನನಗೆ ನನ್ನ ಕಾಲುಬೆರಳು ಬಿಟ್ಟು ಬೇರೇನೂ ಕಾಣದ ಹಾಗಾಯಿತು. ಹಾಸನದಲ್ಲಿ ನಡೆಯುವ ಜಿಲ್ಲಾ ಪಂದ್ಯಕ್ಕೆ ಆಯ್ಕೆಯಾದಾಗ, ಒಪ್ಪಿಗೆ ಪತ್ರಕ್ಕೆ ರುಜು ಹಾಕು ಅಂದರೆ ಅವ್ವ ಅದನ್ನು ಬೇಳೆ ಡಬ್ಬದ ಹಿಂದೆ ಸಿಕ್ಕಿಸಿದಳು. "ಆಟ ಆಡಿದ್ದು ಸಾಕು" ಅಂದಳು.

ತಂಡದ ಬಟ್ಟೆ ಹೊಲಿಯುವುದು ಮೇಡಂ ಕೆಲಸ. "ನನ್ನ ಅಳತೆ ಬೇಡ ಮೇಡಂ, ಅವ್ವ ಕಳಿಸಲ್ಲ" ಅಂದೆ. ಅವರು ಕೇಳಿಸಿಕೊಳ್ಳದವರ ಹಾಗೆ ಟೇಪು ಹಿಡಿದರು. ನಾನು ಬಗ್ಗಿ ನಿಂತಾಗ ಒಮ್ಮೆ, ಗಲ್ಲ ಹಿಡಿದು ನೆಟ್ಟಗೆ ನಿಲ್ಲಿಸಿ ಇನ್ನೊಮ್ಮೆ ಅಳೆದರು.

"ಎರಡೂ ಬೇರೆ ಬೇರೆ ಬರ್ತಿದೆಯಲ್ಲೇ. ಈ ಗೂನು ಯಾರು ಕೊಟ್ಟಿದ್ದು?"

"ಅವ್ವ" ಅಂದೆ.

"ಅವರಿಗೆ ಯಾರು ಕೊಟ್ಟರೋ..." ಅಂತ ಗೊಣಗಿ, ಪುಸ್ತಕದಲ್ಲಿ ಮೊದಲ ಅಳತೆ ಹೊಡೆದುಹಾಕಿದರು. "ನೆಟ್ಟಗೆ ನಿಂತಿದ್ದಕ್ಕೇ ಹೊಲೀತೀನಿ."

ಆ ಶನಿವಾರ ಸಂಜೆ ಸ್ಕೂಲಿನಲ್ಲಿ ತಾಯಂದಿರ ಸಭೆ. ಹೊಲಿಗೆ ಮೇಡಂ ಅವರ ವಿಶೇಷ ಕಾರ್ಯಕ್ರಮ ಅಂದಮೇಲೆ ಅದು ಹೊಸ ನಮೂನೆ ರವಿಕೆ ಕಟಿಂಗ್ ಅಲ್ಲದೆ ಮತ್ತೇನು? ಹೆಂಗಸರೆಲ್ಲ ಕಾಗದ, ಪೆನ್ಸಿಲು ಹಿಡಿದೇ ಬಂದಿದ್ದರು. ಅವ್ವ ನನ್ನ ರಫ್ ನೋಟ್ಸನ್ನೇ ಎತ್ತಿಕೊಂಡು ಬಂದಿದ್ದಳು.

ಮೇಡಂ ಅಚ್ಚ ಕಪ್ಪು ಸೀರೆಯುಟ್ಟು ಬಂದು ಸಭಾಂಗಣದ ನಡುಮಧ್ಯೆ ನಿಂತರು. ಸಭೆಗೆ ಕರಿ ಸೀರೆಯೇ ಅಂತ ಗುಸುಗುಸು. ಅವರು ಬೋರ್ಡಿನ ಕಡೆ ಹೋಗಲೇ ಇಲ್ಲ. ಸೀಮೆಸುಣ್ಣದ ಡಬ್ಬ ಸ್ಟೂಲಿನ ಮೇಲಿಟ್ಟು, "ನಿಮ್ಮ ಮೈಯಲ್ಲಿ ಯಾವ ಜಾಗಕ್ಕೆ ಮೊದಲು ಬೈಸ್ಕೊಂಡ್ರಿ? ನನ್ನ ಮೇಲೆ ಅಲ್ಲೊಂದು ಗೀಟು ಎಳೀರಿ. ಕಾರಣ ಹೇಳೋದೇನೂ ಬೇಡ" ಅಂದು ಕೈ ಇಳಿಬಿಟ್ಟು ನಿಂತುಬಿಟ್ಟರು. ಮುಂದಿನ ಸಾಲಿನ ಹೆಡ್‌ಮಾಸ್ಟರು ಫ್ಯಾನು ಯಾವತ್ತೂ ನೋಡೇ ಇಲ್ಲದವರ ಹಾಗೆ ಮೇಲೆ ನೋಡತೊಡಗಿದರು.

ಯಾರೂ ಏಳಲಿಲ್ಲ. ಕೆಲವರು ಸೆರಗು ಬಾಯಿಗಿಟ್ಟು ನಕ್ಕರು. ಕೊನೆಗೆ ಗಂಟೆ ಹೊಡೆಯುವ ಆಯಾ ಎದ್ದು, "ನಕ್ಕುದ್ಕೆ ಕಣವ್ವಾ ನಂಗೆ ಮೊದ್ಲೇಟು ಬಿದ್ದುದ್ದು" ಅಂತ ಮೇಡಂ ತುಟಿ ಮೇಲೇ ಬಿಳಿ ಗೀಟು ಎಳೆದಳು. ಮೇಡಂ ಮುಖ ಸರಿಸಲಿಲ್ಲ. ಆಮೇಲೆ ಒಬ್ಬೊಬ್ಬರೇ ಎದ್ದರು. ಮೊಣಕಾಲಿಗೊಂದು, ಜಡೆಗೊಂದು, ಸೊಂಟಕ್ಕೆ ನಾಲ್ಕೈದು. ಒಬ್ಬಾಕೆ ಹೊಟ್ಟೆಯ ಮೇಲೆ ಎಳೆಯಲು ಹೋಗಿ ಅಲ್ಲೇ ಅತ್ತುಬಿಟ್ಟಳು. ತಂದ ಕಾಗದಗಳೆಲ್ಲ ಮಡಿಲಲ್ಲೇ ಉಳಿದವು.

ಅಷ್ಟರಲ್ಲಿ ಅವ್ವನೂ ಎದ್ದಳು. ಅವಳು ಮೇಡಂ ಹಿಂದಕ್ಕೆ ಹೋಗಿ, ಕತ್ತಿನಿಂದ ಸೊಂಟದವರೆಗೆ ಉದ್ದಕ್ಕೂ ಒಂದು ಗೀಟು ಎಳೆದಳು. ಯಾರೂ ಕೇಳದಿದ್ದರೂ, "ನಮ್ಮವ್ವ ಇಲ್ಲೇ ಗುದ್ದೋಳು... ಬಗ್ಗು, ಬಗ್ಗು ಅಂತ" ಅಂದಳು. ತಲೆ ಎತ್ತಿದರೆ ಬಾಗಿಲ ಬಳಿ ನಾನು ನಿಂತಿದ್ದೆ, ಹಾಗೆಯೇ ಬಗ್ಗಿಕೊಂಡು. ಅವ್ವ ನನ್ನನ್ನು ನೋಡಿದಳು, ಸೀಮೆಸುಣ್ಣ ಹಿಡಿದ ತನ್ನ ಕೈ ನೋಡಿಕೊಂಡಳು.

ಸಭೆ ಮುಗಿದು ಇಬ್ಬರೂ ಹೊರಟೆವು. ಮನೆ ಹತ್ತಿರ ಬಂದಾಗ, "ಆಸನುಕ್ಕೆ ಯಾವತ್ತೇ ಓಗೋದು?" ಅಂದಳು. ಬೇಳೆ ಡಬ್ಬದ ಹಿಂದಿನ ಕಾಗದಕ್ಕೆ ಅಂದೇ ರುಜು ಬಿತ್ತು. ಮೇಡಂ ಹೊಲಿದ ಅಂಗಿ ಬಗ್ಗಿದರೆ ಬೆನ್ನಿಗೆ ಬಿಗಿಯುತ್ತಿತ್ತು, ನೆಟ್ಟಗೆ ನಿಂತರೆ ಹೇಳಿ ಮಾಡಿಸಿದ ಹಾಗಿತ್ತು. ಹಾಸನದಲ್ಲಿ ಮೊದಲ ಸುತ್ತಿಗೇ ಸೋತು ಬಂದೆವು. ಆದರೆ ನಾನು ಓಡಿದೆ, ತಲೆ ಎತ್ತಿ ಓಡಿದೆ.

ಮುಂದಿನ ವರ್ಷ ಮೇಡಂಗೆ ಅರಕಲಗೂಡಿಗೆ ವರ್ಗವಾಯಿತು. ಕರಿ ಸೀರೆಯ ಫಲ ಅಂದವರೂ ಇದ್ದರು; ನಿಜವೇನೋ ಗೊತ್ತಿಲ್ಲ. ಎರಡು ಸಾವಿರದ ಇಸವಿಯ ಈಚೆಗೆ ಯಾವುದೋ ಪತ್ರಿಕೆಯಲ್ಲಿ, ದೊಡ್ಡ ಊರುಗಳಲ್ಲಿ ಕಲಾವಿದೆಯರು ತಮ್ಮ ಮೈಯನ್ನೇ ಮುಂದಿಟ್ಟು, ನೋಡಲು ಬಂದವರನ್ನೂ ಒಳಗೆಳೆದು ಮಾಡುವ ಪ್ರದರ್ಶನಗಳ ಬಗ್ಗೆ ಓದಿದೆ. ಅದಕ್ಕೊಂದು ಹೆಸರಿದೆ ಅನ್ನುವುದು ಮೇಡಂಗೆ ಗೊತ್ತಿತ್ತೋ ಇಲ್ಲವೋ. ನನ್ನ ಬೆನ್ನು ಮಾತ್ರ ಅವರು ಕೊಟ್ಟದ್ದು. ಇದನ್ನು ಅವರೆದುರು ಹೇಳಬೇಕು ಅಂತ ಎಷ್ಟು ಸಲ ಅಂದುಕೊಂಡೆ... ಎರಡು ವರ್ಷದ ಹಿಂದೆ, ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ಗೆಳತಿ, ಅವರು ತೀರಿಕೊಂಡರು ಅಂದಳು.

ಮಗಳ ಅಳತೆ ಮುಗಿದು, ಹುಡುಗಿ ಸೀಮೆಸುಣ್ಣ ಡಬ್ಬಕ್ಕೆ ಹಾಕಿದಾಗ ಆ ಸಂಜೆಯ ಕೊನೆ ಕಣ್ಣಿಗೆ ಕಟ್ಟಿತು. ಹೆಂಗಸರೆಲ್ಲ ಹಗುರಾಗಿ ಮನೆಗೆ ಹೊರಟಿದ್ದರು. ಮೈತುಂಬ ಗೀಟು ಹೊತ್ತ ಮೇಡಂ ಒಬ್ಬರೇ ನೆಲಕ್ಕೆ ಬಿದ್ದ ಚೂರು ಆಯ್ದು ಡಬ್ಬ ಮುಚ್ಚಿದರು. ಅವರದೊಂದು ಗೀಟು ಎಲ್ಲಿತ್ತು ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.