ಗ್ಲೌಸ್ ಹಾಕಿದ ಮೀಟರಪ್ಪ

ಡೀಸೆಲ್ ಡಿಪೋದಲ್ಲಿ ಅವಳ ಅಪ್ಪನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಲಾರಿ ಡ್ರೈವರುಗಳಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರಿಗೂ ಅವರು ಮೀಟರಪ್ಪ. ಟ್ಯಾಂಕರಿಗೆ ಎಷ್ಟು ಎಣ್ಣೆ ಹೋಯಿತೆಂದು ಅಳೆಯುವ ಮೀಟರುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದರಲ್ಲೇ ತಲೆ ನರೆತಿತ್ತು. ಮೀಟರಿನ ಹೊಟ್ಟೆಯಲ್ಲಿ ಮೊಟ್ಟೆಯಾಕಾರದ ಎರಡು ಹಲ್ಲುಚಕ್ರಗಳು ಒಂದನ್ನೊಂದು ತಬ್ಬಿಕೊಂಡು ತಿರುಗುತ್ತವೆ. ಅವು ತಿರುಗಿದಷ್ಟೂ ಮೇಲಿನ ಅಂಕಿ ಓಡುತ್ತದೆ. ಒಂದು ಹಲ್ಲಿನ ಮೇಲೆ ಕೂದಲೆಳೆಯಷ್ಟು ಲೋಹದ ಮುಳ್ಳೆದ್ದರೂ ಸಾಕು, ಚಕ್ರ ತಡವರಿಸುತ್ತದೆ, ಎಣ್ಣೆ ಲೆಕ್ಕಕ್ಕೆ ಸಿಗದೆ ಪಕ್ಕದಿಂದ ನುಸುಳುತ್ತದೆ. ಆ ಮುಳ್ಳು ಕಣ್ಣಿಗೆ ಬೀಳುವಂಥದ್ದಲ್ಲ. ಅಪ್ಪ ಕಣ್ಣು ಮುಚ್ಚಿ ಬರಿಬೆರಳನ್ನು ಹಲ್ಲಿನಿಂದ ಹಲ್ಲಿಗೆ ಸರಿಸುತ್ತ, "ಹಾಂ, ಇಲ್ಲಿದ್ದಾನೆ ಕಳ್ಳ" ಅನ್ನುತ್ತಿದ್ದರು.

ಚೊಚ್ಚಲ ಮಗು ಹುಟ್ಟಿದ ಮೇಲೆ ಅವಳಿಗೆ ಬೀಸುವ ಗಾಳಿಯ ಮೇಲೂ ಅನುಮಾನ. ಅಪ್ಪ ಕೆಲಸದಿಂದ ಬಂದು ತೊಟ್ಟಿಲ ಕಡೆ ಹೆಜ್ಜೆ ಇಟ್ಟರೆ ಅವಳು ಅಡ್ಡ ನಿಲ್ಲುತ್ತಿದ್ದಳು.

"ಅಪ್ಪಾ, ಕೈ ತೊಳ್ಕೊಂಡ್ರಾ?"

"ತೊಳ್ದೆ ಕಣೇ. ಇನ್ನೂ ಉಜ್ಜಿದ್ರೆ ಮೂಳೆ ಕಾಣುತ್ತೆ."

"ಆದ್ರೂ ಡೀಸೆಲ್ ವಾಸ್ನೆ ಹೋಗಿಲ್ಲ. ಮಗು ಚರ್ಮ ಎಷ್ಟು ಮೃದು ಗೊತ್ತಲ್ಲ, ಏನಾದ್ರೂ ಆದ್ರೆ?"

ಅಡುಗೆಮನೆಯಿಂದ ಅಮ್ಮನ ಮಾತು ಬಂತು. "ನಿನ್ನನ್ನ ಎತ್ತಿ ಆಡ್ಸಿದ್ದೂ ಅದೇ ಕೈಯಮ್ಮಾ ತಾಯಿ. ನಿನಗೇನು ಬಾಲ ಬಂದಿದ್ಯಾ?"

ಅವಳು ಕೇಳಲಿಲ್ಲ. ಮರುದಿನ ದಪ್ಪನೆಯ ರಬ್ಬರ್ ಗ್ಲೌಸ್ ತಂದು ಅಪ್ಪನ ಊಟದ ಡಬ್ಬಿಯ ಪಕ್ಕ ಇಟ್ಟಳು. "ಇದನ್ನ ಹಾಕ್ಕೊಂಡು ಕೆಲ್ಸ ಮಾಡಿ. ಆಮೇಲೆ ಎಷ್ಟು ಹೊತ್ತು ಬೇಕಾದ್ರೂ ಎತ್ಕೊಳ್ಳಿ."

"ಕಿವಿಗೆ ಹತ್ತಿ ತುರುಕ್ಕೊಂಡು ಹಾಡು ಕೇಳು ಅಂದ ಹಾಗಾಯ್ತು" ಎಂದು ಅಪ್ಪ ನಕ್ಕರು. ಆದರೂ ಒಯ್ದರು. ಅಸಲಿಗಿಂತ ಬಡ್ಡಿಯ ಮೇಲೆ ಪ್ರೀತಿ ಹೆಚ್ಚಂತೆ; ಮೊಮ್ಮಗಳಿಗಾಗಿ ಅಷ್ಟೂ ಮಾಡದಿರುತ್ತಾರೆಯೇ?

ಅವರು ಗ್ಲೌಸ್ ಹಾಕಿ ಜೋಡಿಸಿಕೊಟ್ಟ ಮೀಟರು ಕೆಲ ದಿನಗಳಲ್ಲೇ ಕಡಿಮೆ ತೋರಿಸತೊಡಗಿತು. ದೊಡ್ಡ ಟ್ಯಾಂಕಿನ ಎಣ್ಣೆ ಇಳಿದಷ್ಟು ಮೀಟರಿನ ಅಂಕಿ ಏರಲಿಲ್ಲ. ಬಿಚ್ಚಿ ನೋಡಿದರೆ ಒಂದು ಹಲ್ಲಿನ ಅಂಚಿನಲ್ಲಿ ಮುಳ್ಳು. ಮ್ಯಾನೇಜರ್ ಬೈಯಲಿಲ್ಲ. "ವಯಸ್ಸಾಯ್ತು ಮೀಟರಪ್ಪ, ಇನ್ನು ಮೊಮ್ಮಗಳನ್ನ ಆಡಿಸ್ಕೊಂಡು ಆರಾಮಾಗಿರಿ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

"ಗ್ಲೌಸ್ ಹಾಕಿದ್ದಕ್ಕೆ ಹೀಗಾಯ್ತು ಅಂತ ಹೇಳ್ಬಾರ್ದಿತ್ತಾ ಅಪ್ಪಾ?" ಎಂದು ಅವಳು ಕೇಳಿದಳು.

"ಹಾಕ್ಕೊಂಡಿದ್ದು ನನ್ನ ಕೈ ತಾನೇ" ಎಂದು ಹೇಳಿ ಅಪ್ಪ ತೊಟ್ಟಿಲ ಕಡೆ ನಡೆದರು.

ಈಗ ಆ ಕೈಗಳಲ್ಲಿ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಮಗು ದಿನವಿಡೀ ಅವರ ಮಡಿಲಲ್ಲೇ. ಅವಳು ಬೇಡಿದ್ದೂ ಇದನ್ನೇ. ಆದರೂ ಅಪ್ಪನ ಅಂಗಿ ಒಗೆಯಲು ಹಾಕುವಾಗ ಒಮ್ಮೆ ಮೂಗಿಗೆ ಹಿಡಿದು ನೋಡುತ್ತಾಳೆ.

ಮೊನ್ನೆ ಮಗುವಿನ ಕೆನ್ನೆಯ ಮೇಲೆ ಕೆಂಪಗೆ ಗೀರು ಎದ್ದಿತ್ತು. ಅದರ ಉಗುರನ್ನೆಲ್ಲ ಅವಳೇ ಕತ್ತರಿಸಿದ್ದಳು. ಎಷ್ಟು ದಿಟ್ಟಿಸಿದರೂ ಏನೂ ಕಾಣಲಿಲ್ಲ. "ಅಪ್ಪಾ, ಸ್ವಲ್ಪ ಬೆರಳಾಡ್ಸಿ ನೋಡಿ, ಯಾವ ಉಗುರು ಚುಚ್ತಿದೆ ಅಂತ" ಎಂದಳು. ಕಳ್ಳನನ್ನು ಹಿಡಿದ ಆ ಹಳೆಯ ಮಾತನ್ನು ಮತ್ತೆ ಕೇಳುವ ಆಸೆ ಅವಳಿಗೆ.

ಅಪ್ಪ ಮಗುವಿನ ಪುಟ್ಟ ಬೆರಳನ್ನು ಹಿಡಿದುಕೊಂಡರು. ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, ಮಗುವಿನ ಕೈಯನ್ನು ಮೆಲ್ಲಗೆ ಅವಳ ಕೈಯಲ್ಲಿಟ್ಟರು.

"ಬೆಳಕಿಗೆ ಹಿಡಿದು ನೀನೇ ನೋಡಮ್ಮಾ. ನನ್ನ ಬೆರಳನ್ನ ನಂಬಬೇಡ."

ಎಂದು, ಶುಭ್ರವಾಗಿದ್ದ ಕೈಗಳನ್ನೇ ಮತ್ತೊಮ್ಮೆ ಪ್ಯಾಂಟಿಗೆ ಒರೆಸಿಕೊಂಡರು.